ಹೇರಳದ ಲೆಕ್ಕ, ವಿರಳದ ಸಾಕ್ಷಿ



ಈ ದತ್ತಿಯ ಉಪನ್ಯಾಸ ಒಂದು ವರ್ಷ ಭಾಷೆಯ ಮೇಲೆ, ಮರುವರ್ಷ ವಿಜ್ಞಾನದ ಮೇಲೆ ನಡೆಯಬೇಕೆಂದು ನಿಯಮವಿದೆಯಂತೆ. ಈ ಸಲ ಯಾರ ಸರದಿ ಎಂದು ಕೇಳಿದರೆ ಸಂಘಟಕರಲ್ಲೇ ಒಮ್ಮತವಿರಲಿಲ್ಲ. ಎರಡು ಪಕ್ಷದವರೂ ಬೈಯದಿರಲಿ ಎಂದು ಎರಡು ಕಡೆಗೂ ಸಲ್ಲುವ ವಿಷಯವೊಂದನ್ನು ಹಿಡಿದು ಬಂದಿದ್ದೇನೆ: ಸಮೃದ್ಧಿ. ಅಂದರೆ ಒಂದು ವಸ್ತು ಹೇರಳವಾಗಿದೆ ಎಂದು ನಾವು ಹೇಳುವುದು ಯಾವ ಆಧಾರದ ಮೇಲೆ ಎಂಬ ಪ್ರಶ್ನೆ.

ನಮ್ಮ ಮಾತಿನಲ್ಲಿ ಹೇರಳ ಎಂದರೆ ಉಂಡು ಮಿಗುವಷ್ಟು. ಪ್ರಯೋಗಾಲಯದಲ್ಲಿ ಹಾಗಲ್ಲ. ಯುರೇನಿಯಂ-235ರ ನೈಸರ್ಗಿಕ ಸಮೃದ್ಧಿ ಶೇ. 0.72 ಎಂದು ಭೌತವಿಜ್ಞಾನದ ಪುಸ್ತಕ ಬರೆಯುತ್ತದೆ. ನೂರರಲ್ಲಿ ಒಂದೂ ಪೂರ್ತಿ ಇಲ್ಲದ್ದಕ್ಕೆ ಸಮೃದ್ಧಿಯೇ ಎಂದು ನಗಬಹುದು. ಆದರೆ ಅಲ್ಲಿ ಆ ಮಾತಿಗೆ ಪಾಲು ಎಂದಷ್ಟೇ ಅರ್ಥ; ಇಡಿಯಲ್ಲಿ ಇದರ ಭಾಗವೆಷ್ಟು ಎಂಬ ಲೆಕ್ಕ. ಖಗೋಳದವರಿಗೆ, ಭೂವಿಜ್ಞಾನಿಗಳಿಗೆ, ಕಾಡಿನಲ್ಲಿ ಮರ ಎಣಿಸುವವರಿಗೆ, ಪಠ್ಯದಲ್ಲಿ ಪದ ಎಣಿಸುವವರಿಗೆ ಎಲ್ಲರಿಗೂ ಇದೇ ಲೆಕ್ಕ. ಈ ಲೆಕ್ಕ ಹಾಕಿದವರ ಕತೆಗಳನ್ನು ಓದುತ್ತ ಹೋದ ಹಾಗೆ ನನಗೆ ಒಂದು ಸಂಗತಿ ಎದ್ದು ಕಂಡಿತು. ರಾಶಿಯನ್ನು ಕಣ್ತುಂಬ ನೋಡಿದವರು ಬಹುಪಾಲು ಮೋಸಹೋಗಿದ್ದಾರೆ. ರಾಶಿಯ ಅಂಚಿಗೆ ಬಿದ್ದ ನಾಲ್ಕು ಕಾಳನ್ನು ಎಣಿಸಿದವರು ಸತ್ಯದ ಹತ್ತಿರ ಹೋಗಿದ್ದಾರೆ. ಇವತ್ತು ನಾನು ಹೇಳಲಿರುವುದು ಇಷ್ಟನ್ನೇ.

ಸೂರ್ಯನಿಂದ ಶುರುಮಾಡೋಣ. 1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣವಾಯಿತು. ಅದರ ನೆರಳು ಹಾದುಹೋದ ಊರುಗಳಲ್ಲಿ ಗುಂಟೂರಿನ ಹೆಸರು ಪ್ರಸಿದ್ಧ; ಫ್ರಾನ್ಸಿನ ಪಿಯರ್ ಜಾನ್ಸೆನ್ ಅಲ್ಲಿದ್ದ. ನಮ್ಮ ಜಮಖಂಡಿಯ ಹೆಸರು ಅಷ್ಟು ಕೇಳಿಬರುವುದಿಲ್ಲ. ಆಗ ಪಟವರ್ಧನರ ಸಂಸ್ಥಾನವಾಗಿದ್ದ ಆ ಊರಿನಲ್ಲಿ ಜಾನ್ ಹರ್ಷೆಲ್ ಎಂಬ ಸೇನಾ ಎಂಜಿನಿಯರ್ ದೂರದರ್ಶಕಕ್ಕೆ ರೋಹಿತದರ್ಶಕ ಕಟ್ಟಿಕೊಂಡು ಕಾದಿದ್ದ. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ. ಮೋಡ ಕಾಡಿತು. ಮೋಡದ ಸಂದಿಯಲ್ಲಿ ಸಿಕ್ಕಷ್ಟು ಹೊತ್ತಿನಲ್ಲೇ ಸೂರ್ಯನ ಅಂಚಿನಿಂದ ಚಿಮ್ಮಿದ ಜ್ವಾಲೆಯ ಬೆಳಕು ಬಿಡಿ ಬಿಡಿ ಹೊಳಪಿನ ಗೆರೆಗಳಾಗಿ ಒಡೆದುದನ್ನು ಅವನು ಕಂಡ. ಅಂದರೆ ಜ್ವಾಲೆ ಬರೀ ಕಾದ ಅನಿಲ. ಗೆರೆಗಳಲ್ಲಿ ಹಳದಿ-ಕಿತ್ತಳೆ ಬಣ್ಣದ ಒಂದಿತ್ತು. ಆ ದಿನ ನೋಡಿದವರಲ್ಲಿ ಹೆಚ್ಚಿನವರು ಅದನ್ನು ಸೋಡಿಯಂ ಗೆರೆಯೆಂದೇ ತಿಳಿದರು. ಅಡುಗೆ ಉಪ್ಪನ್ನು ಬೆಂಕಿಗೆ ಹಾಕಿದರೆ ಕಾಣುವ ಹಳದಿ ಅದು, ಎಲ್ಲರಿಗೂ ಗೊತ್ತಿದ್ದದ್ದು. ಗ್ರಹಣ ಕಳೆದು ಎರಡು ತಿಂಗಳಾದ ಮೇಲೆ ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕಿಯರ್ ಅಳೆದು ನೋಡಿದಾಗ ಗೆರೆ ಸೋಡಿಯಂನ ಜಾಗದಿಂದ ಕೂದಲೆಳೆಯಷ್ಟು ಸರಿದಿತ್ತು. ಭೂಮಿಯ ಮೇಲೆ ಯಾರೂ ಕಂಡಿರದ ಧಾತು ಎಂದು ಬಗೆದು ಸೂರ್ಯನ ಗ್ರೀಕ್ ಹೆಸರಿನಿಂದ ಅದನ್ನು ಹೀಲಿಯಂ ಎಂದು ಕರೆದರು. ಭೂಮಿಯ ಮೇಲೆ ಅದು ವಿಲಿಯಂ ರ‍್ಯಾಮ್ಸೆಯ ಕೈಗೆ ಸಿಕ್ಕಿದ್ದು 1895ರಲ್ಲಿ, ಯುರೇನಿಯಂ ಖನಿಜವೊಂದನ್ನು ಆಮ್ಲದಲ್ಲಿ ಕರಗಿಸಿದಾಗ. ನಮ್ಮ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಐದು ಪಾಲಿರುವ ಈ ಅನಿಲ ವಿಶ್ವದ ಸಾಮಾನ್ಯ ದ್ರವ್ಯದಲ್ಲಿ ತೂಕದ ಲೆಕ್ಕಕ್ಕೆ ಕಾಲುಭಾಗ.

ಆದರೆ ಕಾಲುಭಾಗ ಎಂದು ತಿಳಿದದ್ದು ಬಹಳ ತಡವಾಗಿ. ಅದರ ನಡುವೆ ಒಂದು ದೊಡ್ಡ ಎಡವಟ್ಟು ನಡೆಯಿತು. ಸೂರ್ಯನ ರೋಹಿತದಲ್ಲಿ ಗಾಢವಾಗಿ ಕಾಣುವ ಕಪ್ಪುಗೆರೆಗಳು ಕ್ಯಾಲ್ಸಿಯಂನವು, ಕಬ್ಬಿಣದವು. ಗೆರೆ ಗಾಢವಾಗಿದ್ದರೆ ವಸ್ತು ಹೆಚ್ಚಿದೆ ಎಂದು ಎಲ್ಲರೂ ಬಗೆದರು. ಭೂಮಿಯ ಹೊರಪದರವನ್ನು ಸೂರ್ಯನಷ್ಟು ಕಾಯಿಸಿದರೆ ಅದೂ ಹೀಗೆಯೇ ಹೊಳೆದೀತು ಎಂದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆನ್ರಿ ರೋಲೆಂಡ್‌ನಂಥ ದೊಡ್ಡ ಪರಿಣತನೇ ನಂಬಿದ್ದ.

ಆ ನಂಬಿಕೆಯನ್ನು ಅಲುಗಾಡಿಸಿದವರು ಇಬ್ಬರು. ಮೊದಲನೆಯವರು ಮೇಘನಾದ ಸಾಹಾ. 1920ರಲ್ಲಿ ಅವರು ಕೊಟ್ಟ ಸಮೀಕರಣ ಒಂದು ಉಷ್ಣತೆಯಲ್ಲಿ, ಒಂದು ಒತ್ತಡದಲ್ಲಿ ಒಂದು ಧಾತುವಿನ ಎಷ್ಟು ಪಾಲು ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡಿರುತ್ತವೆ ಎಂಬುದನ್ನು ಹೇಳುತ್ತದೆ. ಗೆರೆ ಮೂಡಿಸುವುದು ಎಲ್ಲ ಪರಮಾಣುಗಳ ಕೆಲಸವಲ್ಲ. ತಕ್ಕ ಸ್ಥಿತಿಯಲ್ಲಿರುವವು ಮಾತ್ರ ಮೂಡಿಸುತ್ತವೆ. ಎರಡನೆಯವರು ಸಿಸಿಲಿಯಾ ಪೇಯ್ನ್. ಇಂಗ್ಲೆಂಡಿನಿಂದ ಅಮೆರಿಕದ ಹಾರ್ವರ್ಡ್‌ಗೆ ಬಂದ ಇಪ್ಪತ್ತೈದರ ಯುವತಿ ಸಾಹಾ ಸಮೀಕರಣವನ್ನು ಹಿಡಿದು ನಕ್ಷತ್ರಗಳ ರೋಹಿತಗಳನ್ನು ಮತ್ತೆ ಓದಿದಳು. ಕಣ್ಣಿಗೆ ಬೀಳುವ ಹೈಡ್ರೋಜನ್ ಗೆರೆಗಳು ಮೂಡಬೇಕಾದರೆ ಪರಮಾಣು ಒಂದು ಮೆಟ್ಟಿಲು ಮೇಲೆ ಹತ್ತಿ ಕುಳಿತಿರಬೇಕು. ಸೂರ್ಯನ ಮೇಲ್ಮೈಯ ಉಷ್ಣತೆಯಲ್ಲಿ ಹಾಗೆ ಹತ್ತಿದ ಹೈಡ್ರೋಜನ್ ಹತ್ತು ಕೋಟಿಗೆ ಒಂದೂ ಇಲ್ಲ. ಆದರೂ ಗೆರೆ ಕಾಣುತ್ತಿದೆ. ಹಾಗಿದ್ದರೆ ಕೆಳಗೆ ಉಳಿದದ್ದು ಎಷ್ಟಿರಬೇಕು! ಕ್ಯಾಲ್ಸಿಯಂನಂಥವು ಅದಕ್ಕೆ ವ್ಯತಿರಿಕ್ತ. ಇರುವುದು ಚೂರೇ ಆದರೂ ಹೆಚ್ಚುಕಡಿಮೆ ಎಲ್ಲ ಪರಮಾಣುಗಳೂ ಗೆರೆ ಎಳೆಯುವ ಸ್ಥಿತಿಯಲ್ಲೇ ಇವೆ. ಪೇಯ್ನ್ ಲೆಕ್ಕದಲ್ಲಿ ಹೈಡ್ರೋಜನ್ ಲೋಹಗಳಿಗಿಂತ ಸುಮಾರು ಹತ್ತು ಲಕ್ಷ ಪಟ್ಟು ಹೆಚ್ಚು ಬಂತು.

ಆ ಕಾಲದ ಖಗೋಳವಿಜ್ಞಾನದ ದೊಡ್ಡ ಯಜಮಾನ ಹೆನ್ರಿ ನಾರಿಸ್ ರಸೆಲ್ ಇದು ಸಾಧ್ಯವೇ ಇಲ್ಲವೆಂದು ಅವಳಿಗೆ ಕಾಗದ ಬರೆದ. 1925ರ ಪ್ರಬಂಧದಲ್ಲಿ ಆಕೆ ಹೈಡ್ರೋಜನ್ ಮತ್ತು ಹೀಲಿಯಂನ ಈ ಅಂಕಿಗಳು ವಾಸ್ತವವಾಗಿರಲಾರವು ಎಂದು ತಾನೇ ಒಂದು ವಾಕ್ಯ ಸೇರಿಸಿದಳು. ನಾಲ್ಕು ವರ್ಷ ಬಿಟ್ಟು 1929ರಲ್ಲಿ ಬೇರೆ ದಾರಿಯಿಂದ ಅದೇ ಜಾಗಕ್ಕೆ ಬಂದು ಮುಟ್ಟಿದವನು ರಸೆಲ್ಲೇ. ಪೇಯ್ನ್ ಹೆಸರನ್ನು ಅವನು ಉಲ್ಲೇಖಿಸಿದ, ಅಷ್ಟರಮಟ್ಟಿಗೆ ಸಭ್ಯ. ಆದರೂ ಬಹಳ ಕಾಲ ಕೀರ್ತಿ ಹೋದದ್ದು ಅವನ ಕಡೆಗೇ. ಸೂರ್ಯನಲ್ಲಿ ಅತಿ ಹೆಚ್ಚಾಗಿರುವುದು ಅಷ್ಟು ದಿನ ಅಡಗಿಕೊಂಡದ್ದು ತನ್ನ ಮಬ್ಬು ಗೆರೆಯ ಹಿಂದೆ.

ಎರಡನೆಯ ಕತೆ ಚಿಕ್ಕದು, ಆದರೆ ನನಗೆ ಬಲು ಇಷ್ಟವಾದದ್ದು. ಭೂಮಿಯ ಯಾವ ಗಣಿಯಿಂದ ತೆಗೆದ ಯುರೇನಿಯಂ ಆದರೂ, ಚಂದ್ರನಿಂದ ತಂದ ಕಲ್ಲಿನದಾದರೂ, ಅದರಲ್ಲಿ 235ರ ಪಾಲು ಶೇ. 0.7202. ಎಲ್ಲಿ ಅಳೆದರೂ ಅಷ್ಟೇ. 1972ರಲ್ಲಿ ಫ್ರಾನ್ಸಿನ ಪಿಯರ್‌ಲಾಟ್ ಸ್ಥಾವರದಲ್ಲಿ ಆಫ್ರಿಕದ ಗಬೋನ್ ದೇಶದ ಓಕ್ಲೋ ಗಣಿಯ ಅದಿರನ್ನು ಅಳೆದ ತಂತ್ರಜ್ಞರಿಗೆ 0.7171 ಬಂತು. ದಶಮಾಂಶದ ಮೂರನೆಯ ಮನೆಯಲ್ಲಿ ವ್ಯತ್ಯಾಸ. ನಮ್ಮಲ್ಲಿ ಎಷ್ಟೋ ಕಡೆ ಯಂತ್ರದ ದೋಷವೆಂದು ಬರೆದು ಸಹಿ ಹಾಕುತ್ತಿದ್ದೆವೋ ಏನೋ. ಅವರು ಬಿಡಲಿಲ್ಲ. ಯುರೇನಿಯಂ-235 ಬಾಂಬಿನ ವಸ್ತು; ಚಿಟಿಕೆ ಕಾಣೆಯಾದರೂ ಲೆಕ್ಕ ಒಪ್ಪಿಸಬೇಕು. ಹುಡುಕುತ್ತ ಹೋದರೆ ಅದೇ ಗಣಿಯ ಕೆಲವು ತುಣುಕುಗಳಲ್ಲಿ ಪಾಲು ಶೇ. 0.44ಕ್ಕೆ ಇಳಿದಿತ್ತು. ಸುಮಾರು 200 ಕೋಟಿ ವರ್ಷದ ಹಿಂದೆ, 235ರ ಪಾಲು ಇನ್ನೂ ಶೇ. 3ರ ಮೇಲಿದ್ದ ಕಾಲದಲ್ಲಿ, ನೆಲದೊಳಗೆ ನೀರು ನುಗ್ಗಿ ಆ ಅದಿರಿನ ಪದರ ತಾನಾಗಿಯೇ ಪರಮಾಣು ಒಲೆಯಾಗಿ ಉರಿದಿತ್ತು. ನೀರು ಆವಿಯಾದರೆ ಆರುವುದು, ಮತ್ತೆ ಜಿನುಗಿದರೆ ಹೊತ್ತುವುದು. ಲಕ್ಷಾಂತರ ವರ್ಷ ಇದೇ ನಡೆಯಿತು. ಮನುಷ್ಯ ಮಾತ್ರ ಕಟ್ಟಬಲ್ಲ ಎಂದುಕೊಂಡಿದ್ದನ್ನು ಬಂಡೆ ಮಾಡಿ ಮುಗಿಸಿತ್ತು. ಸುಳಿವು ಕೊಟ್ಟದ್ದು ಆ ಕಾಣೆಯಾದ ಚೂರು.

ನೆಲದ ಮೇಲಿನ ವಿಷಯಕ್ಕೆ ಬರುತ್ತೇನೆ. ಭೂಮಿಯ ಹೊರಪದರದಲ್ಲಿ ತೂಕದಂತೆ ಆಮ್ಲಜನಕ ಸುಮಾರು ಶೇ. 46, ಸಿಲಿಕಾನ್ 28, ಅಲ್ಯುಮಿನಿಯಂ 8, ಕಬ್ಬಿಣ 5. ಮೂರನೆಯ ಸ್ಥಾನದ ಅಲ್ಯುಮಿನಿಯಂ ಪ್ರತಿ ಹೊಲದ ಜೇಡಿಮಣ್ಣಿನಲ್ಲಿದೆ. ಆದರೂ 1884ರಲ್ಲಿ ವಾಷಿಂಗ್ಟನ್ ಸ್ಮಾರಕದ ತುದಿಗೆ ಮೂರು ಕಿಲೋಗೂ ಕಡಿಮೆ ತೂಕದ ಅಲ್ಯುಮಿನಿಯಂ ಮುಕುಟ ಹಾಕಿದಾಗ ಅದೊಂದು ವೈಭವ. ಆಮ್ಲಜನಕದ ಹಿಡಿತದಿಂದ ಅದನ್ನು ಬಿಡಿಸುವ ಅಗ್ಗದ ದಾರಿ ಯಾರಿಗೂ ಗೊತ್ತಿರಲಿಲ್ಲ. ಎರಡೇ ವರ್ಷದಲ್ಲಿ, 1886ರಲ್ಲಿ, ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಬೇರೆ ಬೇರೆಯಾಗಿ ವಿದ್ಯುತ್ತಿನ ದಾರಿ ಕಂಡುಹಿಡಿದರು, ಮತ್ತೆ ಕೆಲವು ದಶಕಗಳಲ್ಲಿ ಅದು ಅನ್ನ ಬೇಯಿಸುವ ಪಾತ್ರೆಯಾಯಿತು. ಈಗ ದೇಶದೇಶಗಳು ಕಿತ್ತಾಡುತ್ತಿರುವ ವಿರಳ ಭಸ್ಮ ಧಾತುಗಳೂ ಹಾಗೆಯೇ. ಅವುಗಳಲ್ಲಿ ಸೀರಿಯಂ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ, ಅತಿ ಕಡಿಮೆ ಇರುವ ತೂಲಿಯಂ ಕೂಡ ಬೆಳ್ಳಿಗಿಂತ ಹೆಚ್ಚು. ಒಂದೆಡೆ ಗುಡ್ಡೆಯಾಗಿ ಸಿಗುವುದಿಲ್ಲ, ಒಂದರಿಂದ ಒಂದನ್ನು ಬಿಡಿಸುವುದು ಕಷ್ಟ, ಅಷ್ಟೇ.

ಚಿನ್ನದ ಸರಾಸರಿ ಟನ್ನು ಕಲ್ಲಿಗೆ ಕೆಲವೇ ಮಿಲಿಗ್ರಾಂ. ಕೋಲಾರದಲ್ಲಿ ನೆಲದಾಳದ ಬಿಸಿನೀರಿನ ಹರಿವುಗಳು ನೂರಾರು ಕೋಟಿ ವರ್ಷಗಳ ಹಿಂದೆ ಅದನ್ನು ಸಂದಿಗಳಿಗೆ ತಂದು ಸುರಿದು, ಟನ್ನಿಗೆ ಹತ್ತಾರು ಗ್ರಾಂ ಆಗುವಂತೆ ಮಾಡಿದ್ದವು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ತೆಗೆದು, ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದರು. ಮುಚ್ಚಿದಾಗಲೂ ಕೆಳಗೆ ಚಿನ್ನ ಇಲ್ಲದಿರಲಿಲ್ಲ. ಆ ಆಳದಿಂದ ತರುವ ಖರ್ಚಿಗೆ ಅದು ಸಮನಾಗಲಿಲ್ಲ.

ಇಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಫ್ರಿಟ್ಸ್ ಹಾಬರನನ್ನು ನೆನೆಯಲೇಬೇಕು. ಒಂದೇ ಬಾಳಿನಲ್ಲಿ ಹೇರಳದ ಜೊತೆ ಎರಡು ಪಂದ್ಯ ಆಡಿ ಒಂದನ್ನು ಗೆದ್ದು ಒಂದನ್ನು ಸೋತವನು ಅವನು. ಗಾಳಿಯಲ್ಲಿ ಶೇ. 78 ಸಾರಜನಕ. ಪೈರು ಅದರಲ್ಲೇ ಮುಳುಗಿ ನಿಂತಿದ್ದರೂ ಅದನ್ನು ಉಣ್ಣಲಾರದು. ಎರಡು ಪರಮಾಣುಗಳ ಗಂಟು ಅಷ್ಟು ಬಿಗಿ. ನಮ್ಮ ರೈತರು ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕುತ್ತ ಬಂದದ್ದರಿಂದ ಬೇರಿನ ಗಂಟುಗಳಲ್ಲಿ ಬ್ಯಾಕ್ಟೀರಿಯಾಗಳು ಆ ಕೆಲಸ ಮಾಡಿಕೊಡುತ್ತಿದ್ದವು. ಹಾಬರ್ 1909ರಲ್ಲಿ ಒತ್ತಡ, ಉಷ್ಣತೆ, ವೇಗವರ್ಧಕಗಳಿಂದ ಆ ಗಂಟು ಬಿಚ್ಚಿ ಅಮೋನಿಯ ಮಾಡಿ ತೋರಿಸಿದ, ಬಾಷ್ ಅದನ್ನು ಕಾರ್ಖಾನೆಗೆ ಏರಿಸಿದ. ಮೊದಲ ಮಹಾಯುದ್ಧದಲ್ಲಿ ಅದೇ ಅಮೋನಿಯ ಸಿಡಿಮದ್ದಾಯಿತು. ಹಾಬರ್ ವಿಷಾನಿಲಕ್ಕೂ ಕೈ ಹಾಕಿದ. ಜರ್ಮನಿ ಸೋತಮೇಲೆ ಯುದ್ಧ ಪರಿಹಾರದ ಸಾಲ ತೀರಿಸಲು ಅವನ ಕಣ್ಣು ಸಮುದ್ರದ ಮೇಲೆ ಬಿತ್ತು. ಕಡಲ ನೀರಿನಲ್ಲಿ ಚಿನ್ನವಿದೆ, ಕಡಲೋ ಅಪಾರ. ಹಳೆಯ ಅಂದಾಜುಗಳನ್ನು ಗುಣಿಸಿದರೆ ಜರ್ಮನಿಯ ಸಾಲ ಎಷ್ಟರದು? ಹಡಗಿನಲ್ಲಿ ಪ್ರಯೋಗಾಲಯ ಇಟ್ಟುಕೊಂಡು ಅಳೆಯುತ್ತ ಹೋದ. ಚಿನ್ನ ಇತ್ತು, ಅಂದಾಜಿಗಿಂತ ನೂರಾರು ಪಟ್ಟು ಕಡಿಮೆ. ಕೈಬಿಟ್ಟ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ರಸಾಯನಶಾಸ್ತ್ರದ ತರಗತಿಗಳಲ್ಲೂ ಹೇಳಿಕೊಡಬಹುದು.

ಆ ಗಾದೆ ಅನ್ನದ ವಿಷಯಕ್ಕೆ ಬಂದಾಗ ನಗು ನಿಲ್ಲುತ್ತದೆ. ಹಳೇ ಮೈಸೂರಿನವರು ಧಾತು ಈಶ್ವರದ ಬರ ಎಂದು ನೆನೆಯುವ 1876-78ರ ಕ್ಷಾಮದಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷದಿಂದ 42 ಲಕ್ಷಕ್ಕೆ ಇಳಿಯಿತು. 1871 ಮತ್ತು 1881ರ ಎರಡು ಗಣತಿಗಳ ನಡುವಿನ ಅಂತರ ಅದು. ಆ ವರ್ಷಗಳಲ್ಲೂ ಭಾರತದ ಬಂದರುಗಳಿಂದ ಧಾನ್ಯ ಹೊರಕ್ಕೆ ಹೋಗುತ್ತಿತ್ತು. 1943ರ ಬಂಗಾಳದ ಕ್ಷಾಮದ ಬಗ್ಗೆ ಅಮರ್ತ್ಯ ಸೇನ್ 1981ರ ತಮ್ಮ ಗ್ರಂಥದಲ್ಲಿ ಹಾಕಿದ ಲೆಕ್ಕದಂತೆ, ಆ ವರ್ಷ ಬಂಗಾಳದಲ್ಲಿದ್ದ ಆಹಾರ ಕ್ಷಾಮವಿಲ್ಲದ 1941ರಲ್ಲಿದ್ದುದಕ್ಕಿಂತ ಹೆಚ್ಚೇ. ಕೂಲಿಯವನ ದುಡ್ಡಿಗೆ ಅಕ್ಕಿ ಬರುವುದು ನಿಂತುಹೋಗಿತ್ತು. ಸೇನರ ಅಂಕಿಗಳನ್ನು ಒಪ್ಪದವರೂ ಇದ್ದಾರೆ. ಆದರೆ ಕಣಜದ ತೂಕ ನೋಡಿ ಹಸಿವನ್ನು ಹೇಳಲಾಗದು ಎಂಬ ಅವರ ಮೂಲ ಮಾತನ್ನು ಅಲ್ಲಗಳೆಯುವುದು ಕಷ್ಟ.

ಗಣಿತದವರು ಬೇಸರಿಸಬಾರದೆಂದು ಒಂದು ಸಣ್ಣ ಅಡ್ಡದಾರಿ. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗಿಂತ ಹೆಚ್ಚಾದರೆ ಅಂಥ ಸಂಖ್ಯೆ ಸಮೃದ್ಧ ಸಂಖ್ಯೆ. ಅತಿ ಚಿಕ್ಕದು 12. ಒಂದು, ಎರಡು, ಮೂರು, ನಾಲ್ಕು, ಆರು ಕೂಡಿದರೆ 16. ಡಜನ್ನಿನ ವ್ಯಾಪಾರ ಲೋಕವೆಲ್ಲ ಹಬ್ಬಿದ್ದು ಈ ಪಾಲಾಗುವ ಗುಣದಿಂದ. ಮೊತ್ತ ಸರಿಸಮನಾದರೆ ಪರಿಪೂರ್ಣ: 6, 28, 496. ಕ್ರಿಸ್ತಶಕ 100ರ ಸುಮಾರಿನ ನಿಕೋಮಾಕಸ್ ಸಮೃದ್ಧ ಸಂಖ್ಯೆಗಳನ್ನು ಹತ್ತು ಬಾಯಿ, ನೂರು ಕೈಗಳ ವಿಕಾರ ಪ್ರಾಣಿಗಳಿಗೆ ಹೋಲಿಸಿ ಹಳಿದ. ನಮ್ಮ ಹಳೆಯ ರೂಪಾಯಿಯಲ್ಲಿ ಆಣೆಗೆ 12 ಪೈ, ರೂಪಾಯಿಗೆ 16 ಆಣೆ. ಹದಿನಾರಾಣೆ ಸತ್ಯ ಎಂದು ನಾವು ಎದೆ ತಟ್ಟಿ ಹೇಳುವ ಆ 16ರ ಭಾಜಕಗಳನ್ನು ಕೂಡಿದರೆ 15. ಒಂದಾಣೆ ಕೊರತೆ. ಬೆಸ ಸಂಖ್ಯೆಗಳಲ್ಲಿ ಮೊದಲ ಸಮೃದ್ಧ ಸಂಖ್ಯೆ ಸಿಗಬೇಕಾದರೆ 945ರವರೆಗೆ ನಡೆಯಬೇಕು. ಅಲ್ಲಿಗೆ ಮೊದಲೇ ಸುಸ್ತಾದವರು ಬೆಸ ಸಂಖ್ಯೆಗಳಲ್ಲಿ ಸಮೃದ್ಧಿಯೇ ಇಲ್ಲ ಎಂದು ತೀರ್ಮಾನಿಸಿದ್ದರೆ ಅವರನ್ನು ದೂರಲಾರೆ.

ಮತ್ತೆ ಬಯಲಿಗೆ. ಹೇರಳವಾಗಿರುವುದನ್ನು ಯಾರೂ ಎಣಿಸುವುದಿಲ್ಲ, ಇದು ಸಮೃದ್ಧಿಯ ಒಂದು ಶಾಪ. 1980ರ ದಶಕದಲ್ಲಿ ಬಿಳಿಬೆನ್ನಿನ ರಣಹದ್ದು ಜಗತ್ತಿನ ದೊಡ್ಡ ಬೇಟೆಹಕ್ಕಿಗಳಲ್ಲೇ ಅತಿ ಹೆಚ್ಚು ಸಂಖ್ಯೆಯದಿರಬಹುದು ಎಂಬ ಮಾತಿತ್ತು. ಸತ್ತ ದನ ಬಿದ್ದಲ್ಲೆಲ್ಲ ಅವು ಇದ್ದವು, ಹಾಗಾಗಿ ಯಾರೂ ನೋಡಲಿಲ್ಲ. ಭರತ್‌ಪುರದ ಕೇವಲಾದೇವ್‌ನಲ್ಲಿ ವಿಭು ಪ್ರಕಾಶ್ ಎಂಬ ಸಂಶೋಧಕರು ಆ ದಶಕದ ನಡುವಿನಲ್ಲಿ ಬೇಟೆಹಕ್ಕಿಗಳನ್ನು ಎಣಿಸಿಟ್ಟಿದ್ದರು. ಹತ್ತು ವರ್ಷ ಬಿಟ್ಟು ಮತ್ತೆ ಎಣಿಸಿದಾಗ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಹೋಗಿದ್ದವು. ಆ ಹಳೆಯ ಎಣಿಕೆ ಇರದಿದ್ದರೆ ಎಲ್ಲೋ ವಲಸೆ ಹೋಗಿರಬೇಕು ಎಂದು ಸುಮ್ಮನಾಗುತ್ತಿದ್ದೆವು. ಕಾರಣ ದನಗಳಿಗೆ ಕೊಡುವ ನೋವಿನ ಔಷಧಿ ಡೈಕ್ಲೋಫಿನಾಕ್ ಎಂದು 2004ರಲ್ಲಿ ಗೊತ್ತಾಯಿತು, 2006ರಲ್ಲಿ ಪಶುವೈದ್ಯದಲ್ಲಿ ಅದಕ್ಕೆ ನಿಷೇಧ ಬಂತು. ಅಷ್ಟರಲ್ಲಿ ಸಾವಿರಕ್ಕೆ ಒಂದೆರಡು ಉಳಿದಿದ್ದವು. ನಮ್ಮ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಸಾರಿದಾಗ ಅಲ್ಲಿದ್ದದ್ದು ಉದ್ದಕೊಕ್ಕಿನ ಇನ್ನೊಂದು ಜಾತಿಯ ಕೆಲವೇ ಹಕ್ಕಿಗಳು.

ಈಗ ಈ ಉಪನ್ಯಾಸದ ಮುಖ್ಯ ಭಾಗಕ್ಕೆ ಬಂದೆ. ಚಿಟ್ಟೆಯಿಂದ ಶುರುವಾಗಿ ಪದದಲ್ಲಿ ಮುಗಿಯುವ ಕತೆ ಇದು.

ಅಲೆಕ್ಸಾಂಡರ್ ಸ್ಟೀವನ್ ಕಾರ್ಬೆಟ್ ಮಲಯ ದೇಶದಲ್ಲಿ ಚಿಟ್ಟೆ ಹಿಡಿದು ಪಟ್ಟಿ ಮಾಡಿದ. ಒಂದೇ ಒಂದು ಸಲ ಸಿಕ್ಕ ಜಾತಿಗಳು 118, ಎರಡು ಸಲ ಸಿಕ್ಕವು 74, ಮೂರು ಸಲ 44, ನಾಲ್ಕು ಸಲ 24, ಹೀಗೆ. ಇಷ್ಟೇ ಕಾಲ ಮತ್ತೆ ಅಲ್ಲಿ ಹೋಗಿ ಹಿಡಿದರೆ ಹೊಸ ಜಾತಿ ಎಷ್ಟು ಸಿಕ್ಕಾವು ಎಂಬುದು ಅವನ ಪ್ರಶ್ನೆ. ಕಾಣದೆ ಉಳಿದುದನ್ನು ಎಣಿಸುವುದು ಹೇಗೆ? ಅದನ್ನು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಎದುರಿಗೆ ಇಟ್ಟ. ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಮುಂದೆ ಕೇಂಬ್ರಿಜ್‌ನಲ್ಲಿ ಯಾರ ಕೈಕೆಳಗೆ ಡಾಕ್ಟರೇಟ್ ಮಾಡಿದರೋ ಅದೇ ಫಿಶರ್. 1943ರಲ್ಲಿ ಫಿಶರ್, ಕಾರ್ಬೆಟ್ ಮತ್ತು ಇಂಗ್ಲೆಂಡಿನಲ್ಲಿ ದೀಪದ ಬಲೆಯಿಂದ ಪತಂಗ ಹಿಡಿಯುತ್ತಿದ್ದ ವಿಲಿಯಮ್ಸ್ ಸೇರಿ ಬರೆದ ಲೇಖನ ಜೀವಿಗಳ ಸಮೃದ್ಧಿಯ ಅಧ್ಯಯನಕ್ಕೆ ತಳಪಾಯವಾಯಿತು. ಮುಂದೆ ಇನ್ನೂ ಸರಳವಾದ ಸೂತ್ರ ಬಂತು: ಒಮ್ಮೆ ಸಿಕ್ಕವುಗಳ ಸಂಖ್ಯೆಯಿಂದ ಎರಡು ಸಲ ಸಿಕ್ಕವನ್ನು ಕಳೆಯಿರಿ, ಮೂರು ಸಲ ಸಿಕ್ಕವನ್ನು ಕೂಡಿ, ನಾಲ್ಕನ್ನು ಕಳೆಯಿರಿ. ಹೀಗೆಯೇ ಕಾರ್ಬೆಟ್‌ನ ಪಟ್ಟಿಯ ಕೊನೆವರೆಗೆ ಹೋದರೆ ಉತ್ತರ 75. ಮತ್ತೊಮ್ಮೆ ಹೋದರೆ ಸುಮಾರು 75 ಹೊಸ ಜಾತಿ ಸಿಗಬಹುದು.

ಇದೇ ಹೊತ್ತಿಗೆ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕ್‌ನಲ್ಲಿ ಜರ್ಮನ್ನರ ಗುಪ್ತಲಿಪಿ ಒಡೆಯುತ್ತಿದ್ದ ಅಲನ್ ಟ್ಯೂರಿಂಗ್‌ಗೂ ಇಂಥದೇ ತೊಡಕು. ಈವರೆಗೆ ಕಂಡಿರದ ಸಂಕೇತ ಮುಂದೆ ಬರುವ ಸಂಭವ ಎಷ್ಟು? ಅವನ ಸಹೋದ್ಯೋಗಿ ಗುಡ್ 1953ರಲ್ಲಿ ಪ್ರಕಟಿಸಿದ ಉತ್ತರ ಬಾಯಲ್ಲೇ ಹೇಳುವಷ್ಟು ಚಿಕ್ಕದು. ಈವರೆಗೆ ನೋಡಿದ್ದರಲ್ಲಿ ಒಮ್ಮೆ ಮಾತ್ರ ಬಂದವುಗಳು ಎಷ್ಟು ಪಾಲೋ, ಮುಂದೆ ಬರುವುದು ಹೊಚ್ಚ ಹೊಸದಾಗಿರುವ ಸಂಭವ ಅಷ್ಟೇ ಪಾಲು.

1976ರಲ್ಲಿ ಬ್ರಾಡ್ಲಿ ಎಫ್ರಾನ್ ಮತ್ತು ರೊನಾಲ್ಡ್ ಥಿಸ್ಟೆಡ್ ಎಂಬ ಸಂಖ್ಯಾಶಾಸ್ತ್ರಜ್ಞರು ಚಿಟ್ಟೆಯ ಬಲೆಯನ್ನು ಷೇಕ್ಸ್‌ಪಿಯರನ ಮೇಲೆ ಬೀಸಿದರು. ಅವನ ಕೃತಿಗಳಲ್ಲಿ ಒಟ್ಟು 8,84,647 ಪದಗಳು. ಬೇರೆ ಬೇರೆ ರೂಪಗಳು 31,534. ಅವುಗಳಲ್ಲಿ ಒಂದೇ ಸಲ ಬಂದವು 14,376, ಎರಡು ಸಲ ಬಂದವು 4,343. ಅಂದರೆ ಅವನ ಪದಗಳಲ್ಲಿ ಅರ್ಧಕ್ಕೆ ಹತ್ತಿರ ಜೀವಮಾನದಲ್ಲಿ ಒಮ್ಮೆ ಬರೆದವು. ಅವನಿಗೆ ಗೊತ್ತಿದ್ದು ಬಳಸದೆ ಉಳಿದ ಪದಗಳು ಕಡಿಮೆಯೆಂದರೂ ಇನ್ನು 35,000 ಇರಬೇಕೆಂದು ಲೆಕ್ಕ ಬಂತು. 1985ರಲ್ಲಿ ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಗ್ರಂಥಾಲಯದ ಹಸ್ತಪ್ರತಿಯೊಂದರಲ್ಲಿ 429 ಪದಗಳ ಕವಿತೆ ಷೇಕ್ಸ್‌ಪಿಯರನದೆಂದು ಗ್ಯಾರಿ ಟೇಲರ್ ಎಂಬ ವಿದ್ವಾಂಸ ಸಾರಿದಾಗ, ಆ ಇಬ್ಬರು ತಮ್ಮ ಸೂತ್ರ ತೆಗೆದರು. ಕವಿತೆ ನಿಜವಾಗಿ ಅವನದಾದರೆ ಉಳಿದ ಕೃತಿಗಳಲ್ಲಿಲ್ಲದ ಸುಮಾರು 7 ಪದಗಳು ಅದರಲ್ಲಿರಬೇಕು. ಎಣಿಸಿದರೆ 9 ಇದ್ದವು. ಕವಿತೆ ಅವನದೇ ಎಂದು ಇದರಿಂದ ಸಿದ್ಧವಾಗುವುದಿಲ್ಲ, ಒಪ್ಪದ ವಿಮರ್ಶಕರು ಈಗಲೂ ಬಹಳ ಮಂದಿ. ನನಗೆ ಆ ಜಗಳ ಮುಖ್ಯವಲ್ಲ. ಮಲಯದ ಕಾಡಿನ ಒಂಟಿ ಚಿಟ್ಟೆಗಳೂ ಕವಿಯೊಬ್ಬ ಒಮ್ಮೆ ಬಳಸಿ ಬಿಟ್ಟ ಮಾತುಗಳೂ ಒಂದೇ ಲೆಕ್ಕಕ್ಕೆ ಒಗ್ಗುತ್ತವೆ ಎಂಬುದು ಮುಖ್ಯ.

ಕನ್ನಡದಲ್ಲಿ ಇದನ್ನು ಮಾಡಬಹುದೇ? ಪಂಪನ ಮೇಲೆ, ಕುಮಾರವ್ಯಾಸನ ಮೇಲೆ, ವಚನಗಳ ಮೇಲೆ? ಮಾಡಬಹುದು, ಆದರೆ ಮೊದಲ ಹೆಜ್ಜೆಯಲ್ಲೇ ಒಂದು ಹಳ್ಳವಿದೆ. ಎಫ್ರಾನ್ ಮತ್ತು ಥಿಸ್ಟೆಡ್ ಏಕವಚನ, ಬಹುವಚನಗಳನ್ನು ಬೇರೆ ಬೇರೆ ಪದವಾಗಿ ಎಣಿಸಿದರು. ಇಂಗ್ಲಿಷಿನಲ್ಲಿ ಅದರಿಂದ ದೊಡ್ಡ ಅನಾಹುತವಿಲ್ಲ. ಕನ್ನಡದಲ್ಲಿ ಮನೆ, ಮನೆಯಲ್ಲಿ, ಮನೆಯಲ್ಲಿಯೇ, ಮನೆಯವರೊಂದಿಗಾದರೂ. ಬಂದಳು, ಬರುತ್ತಿದ್ದಾಳೆಂಬುದನ್ನೂ, ಬರಲಾರದವಳಿಗಾಗಿಯಾದರೂ. ಇವನ್ನೆಲ್ಲ ಬೇರೆ ಬೇರೆ ಪದಗಳೆಂದರೆ ಪ್ರತಿ ಕನ್ನಡಿಗನೂ ಕೋಟ್ಯಧಿಪತಿ.

ಹೀಗೆ ಎಣಿಸಿ ಕೆಟ್ಟ ಒಂದು ಪ್ರಸಿದ್ಧ ಉದಾಹರಣೆಯಿದೆ. 1911ರಲ್ಲಿ ಫ್ರಾನ್ಸ್ ಬೋವಸ್ ಎಂಬ ಮಾನವಶಾಸ್ತ್ರಜ್ಞ ಉತ್ತರ ಧ್ರುವದ ಎಸ್ಕಿಮೋ ಭಾಷೆಯಲ್ಲಿ ಹಿಮಕ್ಕೆ ನಾಲ್ಕು ಬೇರೆ ಬೇರೆ ಧಾತುಗಳಿವೆ, ಅಂದರೆ ಬೇರು ಪದಗಳಿವೆ ಎಂದು ಮಾತಿಗೆ ಹೇಳಿದ. 1940ರಲ್ಲಿ ಭಾಷಾವಿಜ್ಞಾನಿ ವೋರ್ಫ್ ಬರೆಯುವಾಗ ಪಟ್ಟಿ ಹಿಗ್ಗಿತು. ಪತ್ರಿಕೆಗಳ ಕೈಗೆ ಬಂದಾಗ ಐವತ್ತು, ನೂರು. ಲಾರಾ ಮಾರ್ಟಿನ್ 1986ರಲ್ಲಿ ಈ ಊದಿಕೆಯ ಜಾಡನ್ನು ಹಿಡಿದು ಬರೆದರು, ಜೆಫ್ರಿ ಪುಲಮ್ ಅದನ್ನು ಗೇಲಿ ಮಾಡಿ ಜನಪ್ರಿಯಗೊಳಿಸಿದರು. ಆ ಭಾಷೆಗಳೂ ಕನ್ನಡದಂತೆ ಪ್ರತ್ಯಯಕ್ಕೆ ಪ್ರತ್ಯಯ ಅಂಟಿಸುವವು, ಕನ್ನಡಕ್ಕಿಂತ ಹೆಚ್ಚೇ. ರೂಪ ಎಣಿಸಿದರೆ ಹಿಮಕ್ಕಷ್ಟೇ ಅಲ್ಲ, ಕಲ್ಲಿಗೂ ಸಾವಿರ ಪದ ಸಿಕ್ಕೀತು. ಬೇರು ಎಣಿಸಿದರೆ ಬೆರಳೆಣಿಕೆ. ನಮ್ಮ ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಧಾತುಗಳಿಗೇ ಒಂದು ಪ್ರಕರಣ ಮೀಸಲಿಟ್ಟ. ಎಣಿಸುವ ಮೊದಲು ಯಾವುದನ್ನು ಒಂದು ಎನ್ನಬೇಕು ಎಂದು ನಿಶ್ಚಯಿಸಿಕೊಂಡ ಮನುಷ್ಯ ಅವನು.

ಎರಡನೆಯ ತೊಡಕು ಇನ್ನೂ ಗಂಭೀರ. 2011ರ ಜನಗಣತಿಯಂತೆ ಕನ್ನಡವನ್ನು ತಾಯ್ನುಡಿ ಎಂದವರು 4.37 ಕೋಟಿ. ಅಷ್ಟು ಬಾಯಿಗಳಲ್ಲಿ ಓಡಾಡುವ ಮಾತಿನಲ್ಲಿ ಅಚ್ಚಿಗೆ ಬರುವುದು ಯಾವುದು? ಕಿಟ್ಟೆಲ್ 1894ರಲ್ಲಿ ನಿಘಂಟು ಮುಗಿಸುವಾಗ ಊರ ಜನರ ಗಾದೆ, ಮಾತುಗಳನ್ನೂ ಸೇರಿಸಿದ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1970ರಿಂದ 1995ರವರೆಗೆ ಹೊರಬಂತು. ಕಾವ್ಯ, ಶಾಸನಗಳನ್ನು ಜಾಲಾಡಿ ಪ್ರಯೋಗ ಸಮೇತ ಪದ ಕೊಟ್ಟ ಅಂಥ ಕೆಲಸ ಮತ್ತೆ ಆಗುವುದು ಕಷ್ಟ. ಆದರೆ ಎಷ್ಟು ದೊಡ್ಡ ನಿಘಂಟಾದರೂ ಅದು ರೋಹಿತದಂತೆ. ಬರಹದಲ್ಲಿ ಹೊಳೆಯುವ ಸ್ಥಿತಿಗೆ ಏರಿದ ಪದ ಅದರಲ್ಲಿ ಗಾಢ ಗೆರೆಯಾಗುತ್ತದೆ. ಅಚ್ಚಿನಲ್ಲಿ ಅಪರೂಪಕ್ಕೆ ಒಮ್ಮೆ ಕಾಣುವ ಅಕ್ಕಡಿ, ಹಂತಿ, ಮೇಟಿಯಂಥ ಪದ ಕೃಷಿಕರ ನಾಲಗೆಯಲ್ಲಿ ಹೈಡ್ರೋಜನ್‌ನಂತೆ ತುಂಬಿಕೊಂಡಿದ್ದಿರಬಹುದು. ಒಂದು ಸಲ ಬಂದ ಪದ ವಿರಳವೋ, ನಮ್ಮ ದರ್ಶಕಕ್ಕೆ ಮಾತ್ರ ಮಬ್ಬೋ ಎಂದು ಅಚ್ಚಿನ ಪಠ್ಯವೊಂದನ್ನೇ ನೋಡಿ ಹೇಳಲಾಗದು. ಗಣಕಯಂತ್ರಕ್ಕೆ ಕನ್ನಡ ಕಲಿಸುವವರು ಪತ್ರಿಕೆ, ಸರ್ಕಾರಿ ಆದೇಶಗಳನ್ನು ಸುರಿದು ಸಾಕಷ್ಟಾಯಿತು ಎಂದು ಕೈ ತೊಳೆದುಕೊಂಡಾಗ ನನಗೆ ರಸೆಲ್ಲನ ಕಾಗದ ನೆನಪಾಗುತ್ತದೆ.

ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನದೆ ಲಾಭ ಎಂದು ಕರೆದು, ಆಮೇಲೆ ಎರಡು, ಮೂರು ಎಂದು ಮುಂದುವರಿಯುವ ವಾಡಿಕೆ ಇಲ್ಲಿ ಕುಳಿತ ಹಿರಿಯರಿಗೆ ಗೊತ್ತು. ಈಗ ಯಂತ್ರ ಹೊಲಕ್ಕೇ ಬಂದು ಕೊಯ್ದು, ಒಕ್ಕಿ, ಚೀಲ ತುಂಬುತ್ತದೆ. ಕಣವಿಲ್ಲ, ತೆನೆ ತುಳಿಯುವ ಎತ್ತುಗಳ ಹಂತಿಯಿಲ್ಲ, ಹಂತಿಯ ಹಾಡಿಲ್ಲ. ಆ ಕಸುಬಿನ ಪದಗಳು ರಣಹದ್ದಿನ ದಾರಿ ಹಿಡಿದಿವೆಯೆ, ಇಲ್ಲವೆ? ವಿಭು ಪ್ರಕಾಶರ ಹಳೆಯ ಎಣಿಕೆಯಂಥದು ಕೈಯಲ್ಲಿದ್ದರೆ ಮಾತ್ರ ಹೇಳಬಹುದು.

ಹಾಗಾಗಿ ಭಾಷಾ ವಿಭಾಗದವರ ಮುಂದೂ ಸಂಖ್ಯಾಶಾಸ್ತ್ರ ವಿಭಾಗದವರ ಮುಂದೂ ಒಂದು ಪ್ರಸ್ತಾಪ ಇಡುತ್ತೇನೆ. ಒಂದೇ ಕಸುಬು ಹಿಡಿಯಿರಿ. ಕೃಷಿಯಾಗಲಿ, ನೇಯ್ಗೆಯಾಗಲಿ, ಮೀನುಗಾರಿಕೆಯಾಗಲಿ. ಒಂದೇ ತಾಲ್ಲೂಕಾದರೂ ಸಾಕು. ಮಾತಾಡಿಸಿ, ಧ್ವನಿ ಮುದ್ರಿಸಿ, ಪ್ರತ್ಯಯ ಬಿಡಿಸಿ ಬೇರು ಪದಗಳನ್ನು ಬರೆಯಿರಿ. ಪ್ರತಿಯೊಂದರ ಮುಂದೆ ಎಷ್ಟು ಸಲ ಕೇಳಿದಿರೆಂದು ಗೀಟು ಹಾಕಿ. ಎಲ್ಲಿ ನಿಲ್ಲಿಸಬೇಕು ಎಂಬುದು ಕ್ಷೇತ್ರಕಾರ್ಯದ ಹಳೆಯ ತಲೆನೋವು. ಸಾಮಾನ್ಯವಾಗಿ ಅನುದಾನ ಮುಗಿದಲ್ಲಿ ನಿಲ್ಲುತ್ತದೆ. ಗುಡ್‌ನ ಸೂತ್ರ ಅದಕ್ಕೆ ಉತ್ತರ ಕೊಡುತ್ತದೆ. ಕೇಳಿಸಿಕೊಂಡ ಹತ್ತು ಸಾವಿರ ಪದಪ್ರಯೋಗಗಳಲ್ಲಿ ಒಂದೇ ಗೀಟಿನ ಪದಗಳು ಐನೂರು ಇದ್ದರೆ, ಮುಂದೆ ಕಿವಿಗೆ ಬೀಳುವ ಪದ ಹೊಸದಾಗಿರುವ ಸಂಭವ ಶೇ. 5, ಇನ್ನೂ ಊರೂರು ತಿರುಗಬೇಕು. ಐವತ್ತಕ್ಕೆ ಇಳಿದರೆ ಶೇ. 0.5, ಪುಸ್ತಕ ಮುಚ್ಚಿ ಪಕ್ಕದ ತಾಲ್ಲೂಕಿಗೆ ಹೊರಡಬಹುದು.